ಉಪ್ಪಿನಂಗಡಿ ಊರೋ, ಅಂಗಡಿಯೋ? – ಎಐ ಹುಡುಕಾಟ ಮತ್ತು ಸ್ಟ್ರಕ್ಚರ್ಡ್ ಡೇಟಾ



"ಉಪ್ಪಿನಂಗಡಿಯಲ್ಲಿ ಒಳ್ಳೆಯ ಬೇಕರಿ ಇದೆ." ಈ ವಾಕ್ಯ ಓದಿದರೆ ದಕ್ಷಿಣ ಕನ್ನಡದ ಯಾರಿಗೂ ಗೊಂದಲವಾಗುವುದಿಲ್ಲ. ನೇತ್ರಾವತಿ ಮತ್ತು ಕುಮಾರಧಾರಾ ನದಿಗಳು ಸೇರುವ ಪುತ್ತೂರು ತಾಲೂಕಿನ ಪೇಟೆ ಅದು ಎಂದು ನಮಗೆ ಗೊತ್ತು. ಆದರೆ ಊರಿನ ಪರಿಚಯವಿಲ್ಲದೆ ಬರೀ ಅಕ್ಷರ ನೋಡುವವನಿಗೆ ಅದು ಉಪ್ಪು ಮಾರುವ ಅಂಗಡಿ. ಉಪ್ಪಿನ ಅಂಗಡಿಯೊಳಗೆ ಬೇಕರಿ ಹೇಗೆ ಬಂತು ಎಂದು ಅವನು ತಲೆ ಕೆರೆದುಕೊಳ್ಳಬಹುದು.

ವೆಬ್‌ಸೈಟ್‌ಗಳನ್ನು ಓದುವ ಕಂಪ್ಯೂಟರಿನ ಪಾಡು ಬಹುಮಟ್ಟಿಗೆ ಇಂಥದ್ದೇ. ಪುಟದ ಅಕ್ಷರಗಳನ್ನೆಲ್ಲ ಅದು ಓದುತ್ತದೆ. ಯಾವುದು ಊರಿನ ಹೆಸರು, ಯಾವುದು ಅಂಗಡಿಯ ಹೆಸರು, ಯಾವ ಅಂಕಿ ಬೆಲೆ, ಯಾವ ಅಂಕಿ ಫೋನ್ ನಂಬರ್ ಎಂಬುದನ್ನು ಮಾತ್ರ ಅಂದಾಜಿನ ಮೇಲೆ ಗುರುತಿಸುತ್ತದೆ. ಅಂದಾಜು ಹಲವು ಸಲ ಸರಿಯಾಗುತ್ತದೆ, ಕೆಲವು ಸಲ ತಪ್ಪುತ್ತದೆ. "ಇದು ಊರು, ಇದು ಅಂಗಡಿ, ಇದು ಬೆಲೆ" ಎಂದು ನಾವೇ ಚೀಟಿ ಅಂಟಿಸಿ ಹೇಳಿಬಿಟ್ಟರೆ ಅಂದಾಜಿನ ಕೆಲಸ ಕಡಿಮೆಯಾಗುತ್ತದೆ. ಹೀಗೆ ಚೀಟಿ ಅಂಟಿಸುವ ಕ್ರಮಕ್ಕೆ ಸ್ಟ್ರಕ್ಚರ್ಡ್ ಡೇಟಾ ಎನ್ನುತ್ತಾರೆ. ಈ ಪಾಠದಲ್ಲಿ ಅದು ಏನು, ಹೇಗೆ ಬರೆಯುವುದು, ಎಐ ಹುಡುಕಾಟದಲ್ಲಿ ಅದರಿಂದ ಎಷ್ಟು ಪ್ರಯೋಜನ ಎಂದು ನೋಡೋಣ.

1. ಹತ್ತು ಕೊಂಡಿಗಳಿಂದ ಒಂದು ಉತ್ತರಕ್ಕೆ

ಕೆಲವು ವರ್ಷಗಳ ಹಿಂದೆ ಗೂಗಲ್‌ನಲ್ಲಿ ಏನಾದರೂ ಹುಡುಕಿದರೆ ಸುಮಾರು ಹತ್ತು ಕೊಂಡಿಗಳು ಬರುತ್ತಿದ್ದವು. ಒಂದೊಂದನ್ನೇ ತೆರೆದು ನಾವೇ ಓದಿ ಹೋಲಿಸುತ್ತಿದ್ದೆವು. ಗೂಗಲ್ ತನ್ನ ಎಐ ಓವರ್‌ವ್ಯೂ ಸೌಲಭ್ಯವನ್ನು 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ, ಆಗಸ್ಟ್‌ನಲ್ಲಿ ಭಾರತದಲ್ಲಿ ತಂದಿತು. ಅದೇ ವರ್ಷ ಅಕ್ಟೋಬರ್ ಕೊನೆಗೆ ಚಾಟ್‌ಜಿಪಿಟಿಯಲ್ಲೂ ವೆಬ್ ಹುಡುಕಾಟ ಸೇರಿತು. ಈಗ ಯಂತ್ರವೇ ಹಲವು ಪುಟಗಳನ್ನು ಓದಿ, ಸಾರವನ್ನು ನಾಲ್ಕು ಸಾಲಿನಲ್ಲಿ ಹೇಳಿಬಿಡುತ್ತದೆ. ಅನೇಕರು ಆ ನಾಲ್ಕು ಸಾಲು ಓದಿ ಅಲ್ಲಿಗೇ ನಿಲ್ಲಿಸುತ್ತಾರೆ.

ಇದರ ಪರಿಣಾಮ ಸಣ್ಣದಲ್ಲ. ಎಸ್‌ಎಸ್‌ಎಲ್‌ಸಿ ಮುಗಿಸಿದ ಮಗಳ ತಾಯಿ ಫೋನಿನಲ್ಲಿ, "ನಮ್ಮ ಹತ್ತಿರ ಪಿಸಿಎಂಬಿ ಇರುವ ಪಿಯು ಕಾಲೇಜು ಯಾವುದು, ಅರ್ಜಿಗೆ ಕೊನೆಯ ದಿನ ಯಾವಾಗ?" ಎಂದು ಕೇಳುತ್ತಾರೆ ಎಂದಿಟ್ಟುಕೊಳ್ಳಿ. ಉತ್ತರದಲ್ಲಿ ಕಳೆದ ವರ್ಷದ ದಿನಾಂಕ ಬಂದರೆ, ಅಥವಾ ಪಕ್ಕದಲ್ಲೇ ಇರುವ ಕಾಲೇಜಿನ ಹೆಸರೇ ಬಾರದಿದ್ದರೆ, ಒಂದು ಸೀಟು ತಪ್ಪಿಹೋಗಬಹುದು. ಹತ್ತು ಕೊಂಡಿಗಳಿದ್ದಾಗ ಒಂದರ ತಪ್ಪನ್ನು ಇನ್ನೊಂದರಿಂದ ತಿದ್ದಿಕೊಳ್ಳುವ ಅವಕಾಶವಿತ್ತು. ಒಂದೇ ಉತ್ತರವನ್ನು ನಂಬುವವರಿಗೆ ಆ ಅವಕಾಶ ಕಡಿಮೆ. ಆದ್ದರಿಂದ ಮಾಹಿತಿ ಕೊಡುವವರ ಜವಾಬ್ದಾರಿ ಹೆಚ್ಚಾಗಿದೆ.

2. ಪತ್ರಕ್ಕೂ ಅರ್ಜಿ ನಮೂನೆಗೂ ಇರುವ ವ್ಯತ್ಯಾಸ

ನೀವು ಮಾಮನಿಗೆ ಪತ್ರ ಬರೆದರೆ ನಿಮ್ಮ ಹೆಸರು, ಊರು, ಅಂಕ ಎಲ್ಲವೂ ವಾಕ್ಯಗಳ ನಡುವೆ ಹರಡಿಕೊಂಡಿರುತ್ತವೆ. ಓದುವವರು ಹುಡುಕಿ ತೆಗೆಯಬೇಕು. ಪಿಯು ಪ್ರವೇಶದ ಅರ್ಜಿ ನಮೂನೆಯಲ್ಲಿ ಹಾಗಲ್ಲ. "ವಿದ್ಯಾರ್ಥಿಯ ಹೆಸರು", "ಜನ್ಮ ದಿನಾಂಕ", "ಪಡೆದ ಅಂಕ" ಎಂದು ಒಂದೊಂದಕ್ಕೂ ಒಂದು ಚೌಕ ಇರುತ್ತದೆ. ಕಚೇರಿಯವರು ನಿಮ್ಮನ್ನು ನೋಡದೆಯೇ ಯಾವ ಮಾಹಿತಿ ಎಲ್ಲಿದೆ ಎಂದು ತಿಳಿಯುತ್ತಾರೆ.

ಸಾಮಾನ್ಯ ವೆಬ್ ಪುಟ ಪತ್ರದಂತೆ. ಎಚ್‌ಟಿಎಂಎಲ್ ಭಾಷೆ ಹೇಳುವುದು ಹೆಚ್ಚಾಗಿ ತಲೆಬರಹ ಯಾವುದು, ಪ್ಯಾರಾ ಯಾವುದು, ಚಿತ್ರ ಎಲ್ಲಿ ಎಂಬುದನ್ನು. "250" ಎಂಬ ಅಂಕಿ ಪುಟದಲ್ಲಿದ್ದರೆ ಅದು ರೂಪಾಯಿಯೋ, ಗ್ರಾಮೋ, ಆಸನಗಳ ಸಂಖ್ಯೆಯೋ ಎಂದು ಎಚ್‌ಟಿಎಂಎಲ್ ಹೇಳುವುದಿಲ್ಲ. ಸ್ಟ್ರಕ್ಚರ್ಡ್ ಡೇಟಾ ಎಂದರೆ ಆ ಪತ್ರದ ಜೊತೆಗೆ ಪಿನ್ ಹಾಕಿ ಕಳಿಸುವ ತುಂಬಿದ ನಮೂನೆ. ಅದು ಸಾಮಾನ್ಯ ಓದುಗರ ಕಣ್ಣಿಗೆ ಬೀಳುವುದಿಲ್ಲ. ಪುಟದ ಕೋಡ್‌ನಲ್ಲಿ ಕುಳಿತಿರುತ್ತದೆ.

3. ಎಲ್ಲರೂ ಒಪ್ಪಿದ ಶಬ್ದಪಟ್ಟಿ

ಒಬ್ಬರು "ಬೆಲೆ" ಎಂದು, ಇನ್ನೊಬ್ಬರು "ದರ" ಎಂದು, ಮತ್ತೊಬ್ಬರು "ರೇಟು" ಎಂದು ಚೀಟಿ ಅಂಟಿಸಿದರೆ ಯಂತ್ರಕ್ಕೆ ಮತ್ತೆ ಗೊಂದಲ. ಎಲ್ಲರೂ ಒಪ್ಪುವ ಒಂದು ಶಬ್ದಪಟ್ಟಿ ಬೇಕು. ಹಾಗಾಗಿ 2011ರ ಜೂನ್ 2ರಂದು ಗೂಗಲ್, ಮೈಕ್ರೋಸಾಫ್ಟ್ ಮತ್ತು ಯಾಹೂ ಸೇರಿ ಸ್ಕೀಮಾ ಡಾಟ್ ಆರ್ಗ್ ಎಂಬ ಸಾಮಾನ್ಯ ಶಬ್ದಪಟ್ಟಿಯನ್ನು ಪ್ರಕಟಿಸಿದವು. ಅದೇ ವರ್ಷ ರಷ್ಯಾದ ಯಾಂಡೆಕ್ಸ್ ಕೂಡ ಸೇರಿತು. ವ್ಯಾಪಾರದಲ್ಲಿ ಪರಸ್ಪರ ಪೈಪೋಟಿ ಮಾಡುವ ಕಂಪನಿಗಳು ಈ ವಿಷಯದಲ್ಲಿ ಒಂದಾದವು. ವೆಬ್‌ಸೈಟ್ ಮಾಡುವವರು ನಾಲ್ಕು ಬಗೆಯ ಚೀಟಿ ಬರೆಯುವ ಬದಲು ಒಂದೇ ಬಗೆ ಬರೆದರೆ ಎಲ್ಲರಿಗೂ ಅನುಕೂಲ ಎಂಬುದೇ ಕಾರಣ.

ಈ ಕೆಲಸದ ಮುಂಚೂಣಿಯಲ್ಲಿದ್ದವರು ಮದ್ರಾಸ್ ಐಐಟಿಯಲ್ಲಿ ಎಂಜಿನಿಯರಿಂಗ್ ಓದಿದ ರಾಮನಾಥನ್ ವಿ. ಗುಹಾ. 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಎನ್‌ಎಲ್‌ವೆಬ್ ಎಂಬ ಯೋಜನೆಯನ್ನು ಘೋಷಿಸಿತು. ಜನ ಸಹಜ ಮಾತಿನಲ್ಲೇ ಒಂದು ವೆಬ್‌ಸೈಟನ್ನು ಪ್ರಶ್ನೆ ಕೇಳುವಂತೆ ಮಾಡುವುದು ಅದರ ಉದ್ದೇಶ. ಅದನ್ನು ರೂಪಿಸಿದವರೂ ಗುಹಾ, ಅದೂ ಸ್ಕೀಮಾ ಚೀಟಿಗಳನ್ನು ಬಳಸಿಕೊಳ್ಳುತ್ತದೆ.

ಸ್ಕೀಮಾದ ಪದಗಳು ಮರದ ಕೊಂಬೆಗಳಂತೆ ಜೋಡಣೆಯಾಗಿವೆ. ಬುಡದಲ್ಲಿ "ಥಿಂಗ್", ಅಂದರೆ ಯಾವುದೇ ವಸ್ತು ಅಥವಾ ವಿಷಯ. ಅದರಿಂದ "ಪರ್ಸನ್", "ಪ್ಲೇಸ್", "ಆರ್ಗನೈಸೇಷನ್", "ಈವೆಂಟ್", "ಪ್ರಾಡಕ್ಟ್" ಮುಂತಾದ ಕೊಂಬೆಗಳು. ಬೇಕರಿಯ ದಾರಿ ಹೀಗೆ: ಥಿಂಗ್, ಆರ್ಗನೈಸೇಷನ್, ಲೋಕಲ್ ಬ್ಯುಸಿನೆಸ್, ಫುಡ್ ಎಸ್ಟಾಬ್ಲಿಷ್‌ಮೆಂಟ್, ಬೇಕರಿ. ಸಾಧ್ಯವಾದಷ್ಟು ತುದಿಯ ಕೊಂಬೆಯನ್ನು ಆರಿಸಬೇಕು. "ಇದೊಂದು ಸಂಸ್ಥೆ" ಎನ್ನುವುದಕ್ಕಿಂತ "ಇದೊಂದು ಬೇಕರಿ" ಎಂದರೆ ಯಂತ್ರಕ್ಕೆ ಹೆಚ್ಚು ತಿಳಿಯುತ್ತದೆ.

4. ಬೇಕರಿಯ ಪುಟಕ್ಕೆ ಚೀಟಿ ಅಂಟಿಸೋಣ

ಚೀಟಿ ಬರೆಯಲು ಹೆಚ್ಚು ಬಳಕೆಯಲ್ಲಿರುವ ವಿಧಾನ ಜೇಸನ್-ಎಲ್‌ಡಿ. ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಇದನ್ನು 2014ರ ಜನವರಿಯಲ್ಲಿ ಅಂಗೀಕರಿಸಿತು. ಗೂಗಲ್ ಶಿಫಾರಸು ಮಾಡುವುದೂ ಇದನ್ನೇ. ಪುಟದ ಕೋಡ್‌ನಲ್ಲಿ ಒಂದು ಸ್ಕ್ರಿಪ್ಟ್ ಟ್ಯಾಗ್ ಹಾಕಿ, ಅದರೊಳಗೆ ಪುಷ್ಪಾವರಣ ತೆರೆದು, ಗುಣದ ಹೆಸರು ಮತ್ತು ಅದರ ಬೆಲೆಯನ್ನು ಜೋಡಿಜೋಡಿಯಾಗಿ ಬರೆಯುತ್ತೇವೆ. ಗಣಿತದಲ್ಲಿ ಚರಾಕ್ಷರಕ್ಕೆ ಬೆಲೆ ಕೊಡುವ ಹಾಗೆ.

ಉಪ್ಪಿನಂಗಡಿಯ ಒಂದು ಬೇಕರಿ ಎಂದು ಊಹಿಸಿಕೊಳ್ಳಿ. ಕೆಳಗಿನ ಗುಣದ ಹೆಸರುಗಳನ್ನು ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು; ಓದಲು ಸುಲಭವಾಗಲೆಂದು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ.

ಆಟ್ ಕಾಂಟೆಕ್ಸ್ಟ್ : ಸ್ಕೀಮಾ ಡಾಟ್ ಆರ್ಗ್‌ನ ವಿಳಾಸ
ಆಟ್ ಟೈಪ್ : ಬೇಕರಿ
ನೇಮ್ : ಬೋರ್ಡಿನಲ್ಲಿ ಇರುವಂತೆಯೇ ಬೇಕರಿಯ ಹೆಸರು
ಟೆಲಿಫೋನ್ : ದೇಶದ ಸಂಕೇತ +91 ಸೇರಿಸಿ ನಂಬರ್
ಅಡ್ರೆಸ್ : ಇದರೊಳಗೆ ಮತ್ತೊಂದು ಪುಷ್ಪಾವರಣ, ಬೀದಿ, ಊರು, ರಾಜ್ಯ, ಪಿನ್ ಕೋಡ್, ದೇಶ ಪ್ರತ್ಯೇಕ
ಓಪನಿಂಗ್ ಅವರ್ಸ್ ಸ್ಪೆಸಿಫಿಕೇಷನ್ : ದಿನ, ತೆರೆಯುವ ಸಮಯ, ಮುಚ್ಚುವ ಸಮಯ
ಸೇಮ್ ಆ್ಯಸ್ : ಅದೇ ಬೇಕರಿಯ ಇನ್‌ಸ್ಟಾಗ್ರಾಂ ಅಥವಾ ಫೇಸ್‌ಬುಕ್ ಪುಟದ ಕೊಂಡಿ

ಅಡ್ರೆಸ್‌ನಲ್ಲಿ "ಊರು" ಎಂಬ ಚೌಕದೊಳಗೆ ಉಪ್ಪಿನಂಗಡಿ ಎಂದು ಬರೆದ ಕ್ಷಣ ನಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಅದು ಊರು, ಅಂಗಡಿಯಲ್ಲ. ಓದುವವನಿಗೆ ಕನ್ನಡ ಬಾರದಿದ್ದರೂ ಚೌಕದ ಹೆಸರಿನಿಂದ ಅರ್ಥವಾಗುತ್ತದೆ. ಸಣ್ಣ ಊರಿನ, ಕನ್ನಡದ ಪುಟಗಳಿಗೆ ಈ ಚೀಟಿಗಳು ವಿಶೇಷವಾಗಿ ಉಪಯುಕ್ತ ಎನ್ನುವುದು ಇದಕ್ಕೇ. ಯಂತ್ರಗಳು ಕಲಿತ ಪಠ್ಯದಲ್ಲಿ ಇಂಗ್ಲಿಷಿನ ಪಾಲು ಬಹಳ ದೊಡ್ಡದು, ಕನ್ನಡದ ಪಾಲು ಚಿಕ್ಕದು. ವಾಕ್ಯದಿಂದ ಅರ್ಥ ಹಿಡಿಯುವುದು ಕಷ್ಟವಾದಲ್ಲಿ ಚೀಟಿ ಕೈಹಿಡಿಯುತ್ತದೆ.

ಸಮಯದ ಚೌಕವನ್ನೂ ನೋಡಿ. ಬೇಕರಿ ಶುಕ್ರವಾರ ಜುಮಾ ನಮಾಝಿಗಾಗಿ ಮಧ್ಯಾಹ್ನ 12.30ರಿಂದ 2ರ ತನಕ ಮುಚ್ಚುತ್ತದೆ ಎಂದಾದರೆ ಶುಕ್ರವಾರಕ್ಕೆ ಎರಡು ನಮೂದು ಬೇಕು: 07:00ರಿಂದ 12:30, ಮತ್ತೆ 14:00ರಿಂದ 21:00. ರಂಝಾನ್ ತಿಂಗಳಿನಲ್ಲಿ ಸಮಯ ಬದಲಾದರೆ "ಸ್ಪೆಷಲ್ ಓಪನಿಂಗ್ ಅವರ್ಸ್ ಸ್ಪೆಸಿಫಿಕೇಷನ್" ಎಂಬ ಗುಣದಲ್ಲಿ ಯಾವ ದಿನದಿಂದ ಯಾವ ದಿನದವರೆಗೆ ಎಂದು ಬರೆಯಬಹುದು. ಊರಿನವರಿಗೆ ಹೇಳದೆಯೇ ಗೊತ್ತಿರುವ ಇಂಥ ಸಂಗತಿ ಯಂತ್ರಕ್ಕೆ ಹೇಳದಿದ್ದರೆ ಗೊತ್ತಾಗುವುದಿಲ್ಲ.

ಟೈಪ್ ಮಾಡುವಾಗ ಎರಡು ತಪ್ಪುಗಳು ಸಾಮಾನ್ಯ. ಒಂದು, ಎರಡು ಜೋಡಿಗಳ ನಡುವೆ ಅಲ್ಪವಿರಾಮ ಮರೆಯುವುದು. ಇನ್ನೊಂದು, ವರ್ಡ್ ಫೈಲಿನಿಂದ ನಕಲು ಮಾಡುವಾಗ ನೇರ ಉದ್ಧರಣ ಚಿಹ್ನೆಯ ಬದಲು ಬಾಗಿದ ಚಿಹ್ನೆ ಬರುವುದು. ಎರಡರಲ್ಲಿ ಒಂದಾದರೂ ಆ ಇಡೀ ಚೀಟಿ ಓದಲಾಗದಂತೆ ಆಗುತ್ತದೆ. ಆದ್ದರಿಂದ ಬರೆದ ಮೇಲೆ ಸ್ಕೀಮಾ ಮಾರ್ಕಪ್ ವ್ಯಾಲಿಡೇಟರ್ ಮತ್ತು ಗೂಗಲ್‌ನ ರಿಚ್ ರಿಸಲ್ಟ್ಸ್ ಟೆಸ್ಟ್ ಎಂಬ ಉಚಿತ ಸಾಧನಗಳಲ್ಲಿ ಪರೀಕ್ಷಿಸಬೇಕು. ಮೊದಲನೆಯದು ಸ್ಕೀಮಾದ ಎಲ್ಲ ಬಗೆಗಳನ್ನೂ, ಎರಡನೆಯದು ಗೂಗಲ್ ಬಳಸುವ ಬಗೆಗಳನ್ನು ಮಾತ್ರ ನೋಡುತ್ತದೆ.

5. ನಮ್ಮ "ಕಾಲೇಜು" ಅವರ ಕಾಲೇಜಲ್ಲ

ಇನ್ನು ನಮಗೆ ಹತ್ತಿರದ ಉದಾಹರಣೆ. ಕರ್ನಾಟಕದಲ್ಲಿ ಪದವಿಪೂರ್ವ ಶಿಕ್ಷಣ ಎಂದರೆ 11 ಮತ್ತು 12ನೇ ತರಗತಿ. ನಾವು ಅದನ್ನು ಕಾಲೇಜು ಎನ್ನುತ್ತೇವೆ. ಅಮೆರಿಕದಲ್ಲಿ ಆ ತರಗತಿಗಳು ಹೈಸ್ಕೂಲಿಗೆ ಸೇರಿವೆ. ಅಲ್ಲಿ ಕಾಲೇಜು ಎಂದರೆ ಸಾಮಾನ್ಯವಾಗಿ ಪದವಿ ಓದುವ ಜಾಗ. ಸ್ಕೀಮಾ ಶಬ್ದಪಟ್ಟಿಯಲ್ಲಿ "ಹೈಸ್ಕೂಲ್" ಮತ್ತು "ಕಾಲೇಜ್ ಆರ್ ಯೂನಿವರ್ಸಿಟಿ" ಬೇರೆ ಬೇರೆ ಬಗೆಗಳು. ಪಿಯುಗೆಂದೇ ಬೇರೆ ಚೀಟಿ ಇಲ್ಲ.

ಹೆಸರು ನೋಡಿ "ಕಾಲೇಜ್ ಆರ್ ಯೂನಿವರ್ಸಿಟಿ" ಎಂದು ಅಂಟಿಸಿದರೆ ಏನಾಗಬಹುದು? ಬಿಕಾಂ ಹುಡುಕುವವರಿಗೆ ಪಿಯು ಕಾಲೇಜು ಕಾಣಿಸಬಹುದು, ಎಸ್‌ಎಸ್‌ಎಲ್‌ಸಿ ಮುಗಿಸಿದವರಿಗೆ ಕಾಣಿಸದೆ ಹೋಗಬಹುದು. ಬರೀ ಪಿಯು ಇರುವ ಸಂಸ್ಥೆಗೆ "ಹೈಸ್ಕೂಲ್" ಹತ್ತಿರದ ಚೀಟಿ. ಅದು ಇಷ್ಟವಾಗದಿದ್ದರೆ ಒಂದು ಕೊಂಬೆ ಕೆಳಗಿಳಿದು "ಎಜುಕೇಷನಲ್ ಆರ್ಗನೈಸೇಷನ್" ಎಂದು ಬಳಸಿ, ವಿವರಣೆಯ ಚೌಕದಲ್ಲಿ "11 ಮತ್ತು 12ನೇ ತರಗತಿಯ ಪದವಿಪೂರ್ವ ಕಾಲೇಜು" ಎಂದು ಸ್ಪಷ್ಟವಾಗಿ ಬರೆಯಬಹುದು. "ಪಿಸಿಎಂಬಿ" ಎಂಬ ನಾಲ್ಕಕ್ಷರ ನಮಗೆ ಸಾಕು. ಪುಟದಲ್ಲಿ ಒಂದು ಸಲವಾದರೂ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಎಂದು ಪೂರ್ಣವಾಗಿ ಬರೆಯಬೇಕು.

ದಿನಾಂಕದಲ್ಲೂ ಇದೇ ಎಚ್ಚರ ಬೇಕು. 05-06-2026 ಎಂದರೆ ನಮಗೆ ಜೂನ್ 5. ಅಮೆರಿಕದವರು ತಿಂಗಳನ್ನು ಮೊದಲು ಬರೆಯುವುದರಿಂದ ಅವರಿಗೆ ಅದು ಮೇ 6. ಸ್ಟ್ರಕ್ಚರ್ಡ್ ಡೇಟಾದಲ್ಲಿ ವರ್ಷ, ತಿಂಗಳು, ದಿನ ಎಂಬ ಐಎಸ್‌ಒ 8601 ಕ್ರಮ: 2026-06-05. ಹಣಕ್ಕೆ "ರೂ." ಎಂದು ಬರೆಯದೆ, ಐಎನ್‌ಆರ್ ಎಂಬ ಮೂರಕ್ಷರದ ಅಂತಾರಾಷ್ಟ್ರೀಯ ಸಂಕೇತ ಬಳಸಬೇಕು.

ಒಂದೇ ಊರಿಗೆ ಹಲವು ಹೆಸರು ನಮ್ಮಲ್ಲಿ ಸಾಮಾನ್ಯ. ಮಂಗಳೂರನ್ನು ತುಳುವಿನಲ್ಲಿ ಕುಡ್ಲ, ಬ್ಯಾರಿಯಲ್ಲಿ ಮೈಕಾಲ, ಕೊಂಕಣಿಯಲ್ಲಿ ಕೊಡಿಯಾಲ ಎನ್ನುತ್ತಾರೆ. 2014ರ ನವೆಂಬರ್ 1ರಂದು ಇಂಗ್ಲಿಷಿನ ಮ್ಯಾಂಗಲೋರ್ ಅಧಿಕೃತವಾಗಿ ಮಂಗಳೂರು ಆಯಿತು. ಹಳೆಯ ಪುಟಗಳಲ್ಲಿ ಹಳೆಯ ಹೆಸರೇ ಉಳಿದಿದೆ. ಸಂಸ್ಥೆಗಳ ಹೆಸರಿಗೂ ಕನ್ನಡ ರೂಪ, ಇಂಗ್ಲಿಷ್ ರೂಪ, ಜನ ಕರೆಯುವ ಚುಟುಕು ರೂಪ ಇರುತ್ತವೆ. ಎಲ್ಲವೂ ಒಂದೇ ಎಂದು ಹೇಳಲು "ಆಲ್ಟರ್ನೇಟ್ ನೇಮ್" ಎಂಬ ಗುಣವಿದೆ. ಇಲ್ಲದಿದ್ದರೆ ಒಂದೇ ಸಂಸ್ಥೆಯನ್ನು ಯಂತ್ರ ಎರಡೆಂದು ಎಣಿಸಬಹುದು.

6. ಚೀಟಿಗೂ ಮೊದಲು ಆಗಬೇಕಾದ ಕೆಲಸ

ಬಾಗಿಲು ಮುಚ್ಚಿದ ಅಂಗಡಿಯೊಳಗೆ ಎಷ್ಟು ಚೀಟಿ ಅಂಟಿಸಿದರೇನು? ಮೊದಲು ಮೂರು ವಿಷಯ ನೋಡಬೇಕು.

ಮೊದಲನೆಯದು, ಪಠ್ಯ ಪಠ್ಯವಾಗಿಯೇ ಇರಬೇಕು. ನೋಟಿಸನ್ನು ಫೋಟೋ ತೆಗೆದು ಹಾಕುವ ಅಭ್ಯಾಸ ನಮ್ಮಲ್ಲಿ ಬಹಳ. ಚಿತ್ರದೊಳಗಿನ ಅಕ್ಷರವನ್ನು ಯಂತ್ರ ಓದೀತು ಎಂಬ ಭರವಸೆ ಇಲ್ಲ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೆಯೇ ಅಂಟಿಸಿದರೆ ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಮಾತ್ರ ಸಿಗುತ್ತವೆ. ಕನ್ನಡ ಯೂನಿಕೋಡ್‌ನಲ್ಲೇ ಇರಬೇಕು. 1991ರ ಮೊದಲ ಯೂನಿಕೋಡ್ ಆವೃತ್ತಿಯಿಂದಲೇ ಕನ್ನಡಕ್ಕೆ ಅಲ್ಲಿ ಸ್ಥಾನವಿದೆ.

ಎರಡನೆಯದು, ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ ಎಂಬ ಸಣ್ಣ ಫೈಲು. ಯಾವ ಯಂತ್ರ ಒಳಗೆ ಬರಬಹುದು, ಯಾವುದು ಬರಬಾರದು ಎಂದು ಹೇಳುವ ಗೇಟಿನ ಬೋರ್ಡು ಅದು. ಅಲ್ಲಿ ತಡೆದಿದ್ದರೆ, ನಿಯಮ ಪಾಲಿಸುವ ಯಂತ್ರಗಳು ಪುಟವನ್ನಾಗಲಿ ಚೀಟಿಯನ್ನಾಗಲಿ ಓದುವುದಿಲ್ಲ.

ಮೂರನೆಯದು, ಜಾವಾಸ್ಕ್ರಿಪ್ಟ್. ಪುಟ ತೆರೆದ ನಂತರ ಜಾವಾಸ್ಕ್ರಿಪ್ಟ್ ಮೂಲಕ ಮೂಡುವ ವಿಷಯವನ್ನು ಗೂಗಲ್ ಓದಬಲ್ಲದು. ಹಲವು ಎಐ ಕ್ರಾಲರ್‌ಗಳು ಓದುವುದಿಲ್ಲ. ಮುಖ್ಯ ಮಾಹಿತಿ ಮೊದಲ ಎಚ್‌ಟಿಎಂಎಲ್‌ನಲ್ಲೇ ಇದ್ದರೆ ಕ್ಷೇಮ.

7. ಲಾಭ ಎಷ್ಟು? ಇದ್ದಷ್ಟೇ ಹೇಳೋಣ

"ಸ್ಕೀಮಾ ಹಾಕಿದರೆ ಎಐ ಉತ್ತರದಲ್ಲಿ ನಿಮ್ಮ ಹೆಸರು ಗ್ಯಾರಂಟಿ" ಎಂದು ಹೇಳಿ ಹಣ ಕೇಳುವವರು ಇದ್ದಾರೆ. ಅದನ್ನು ನಂಬಬೇಡಿ. ಎಐ ಉತ್ತರದಲ್ಲಿ ಕಾಣಿಸಿಕೊಳ್ಳಲು ಯಾವುದೇ ವಿಶೇಷ ಸ್ಕೀಮಾ ಬೇಕಿಲ್ಲ ಎಂದು ಗೂಗಲ್ ತನ್ನ ಮಾರ್ಗದರ್ಶಿಯಲ್ಲಿ ಬರೆದಿದೆ. ಜೊತೆಗೆ, ಹಾಕಿದ ಸ್ಟ್ರಕ್ಚರ್ಡ್ ಡೇಟಾ ಪುಟದಲ್ಲಿ ಕಾಣುವ ಪಠ್ಯಕ್ಕೆ ಹೊಂದಿಕೆಯಾಗಬೇಕು ಎಂದೂ ಹೇಳಿದೆ. ಮೈಕ್ರೋಸಾಫ್ಟ್‌ನ ಬಿಂಗ್ ವಿಭಾಗದವರು 2025ರಲ್ಲಿ, ಸ್ಕೀಮಾ ಚೀಟಿಗಳು ತಮ್ಮ ಭಾಷಾ ಮಾದರಿಗಳಿಗೆ ಪುಟವನ್ನು ಅರ್ಥಮಾಡಿಕೊಳ್ಳಲು ನೆರವಾಗುತ್ತವೆ ಎಂದಿದ್ದಾರೆ.

ಎರಡನ್ನೂ ಸೇರಿಸಿ ನೋಡಿದರೆ ವಿಷಯ ಸ್ಪಷ್ಟ. ಎಐ ಹುಡುಕಾಟ ಸಾಮಾನ್ಯವಾಗಿ ಎರಡು ಹೆಜ್ಜೆಯಲ್ಲಿ ನಡೆಯುತ್ತದೆ. ಮೊದಲು ಪ್ರಶ್ನೆಗೆ ಹೊಂದುವ ಪುಟಗಳನ್ನು ಹುಡುಕಿ ತರುತ್ತದೆ. ಆಮೇಲೆ ಭಾಷಾ ಮಾದರಿ ಅವುಗಳನ್ನು ಓದಿ ಉತ್ತರ ಕಟ್ಟುತ್ತದೆ. ಚೀಟಿ ಮುಖ್ಯವಾಗಿ ನೆರವಾಗುವುದು ಮೊದಲ ಹೆಜ್ಜೆಯಲ್ಲಿ: ಈ ಪುಟ ಯಾರದು, ಯಾವ ಊರಿನದು, ಯಾವಾಗಿನದು ಎಂದು ಗುರುತಿಸುವಲ್ಲಿ. ಪುಟದಲ್ಲಿ ಹುರುಳಿಲ್ಲದಿದ್ದರೆ ಚೀಟಿ ಅದನ್ನು ಕೊಡಲಾರದು. ಖಾಲಿ ಡಬ್ಬಕ್ಕೆ "ಸಕ್ಕರೆ" ಎಂದು ಬರೆದರೆ ಚಹಾ ಸಿಹಿಯಾಗುವುದಿಲ್ಲ.

ನಿಯಮಗಳು ಬದಲಾಗುವುದೂ ಉಂಟು. ಪ್ರಶ್ನೋತ್ತರದ ಚೀಟಿ ಹಾಕಿದ ಪುಟಗಳ ಪ್ರಶ್ನೆಗಳನ್ನು ಗೂಗಲ್ ಮೊದಲು ಹುಡುಕಾಟದ ಪಟ್ಟಿಯಲ್ಲೇ ತೋರಿಸುತ್ತಿತ್ತು. ಎಲ್ಲರೂ ಬೇಕಾಬಿಟ್ಟಿ ಬಳಸತೊಡಗಿದರು. 2023ರ ಆಗಸ್ಟ್‌ನಲ್ಲಿ ಅದನ್ನು ಹೆಸರಾಂತ ಸರ್ಕಾರಿ ಮತ್ತು ಆರೋಗ್ಯ ತಾಣಗಳಿಗೆ ಸೀಮಿತಗೊಳಿಸಲಾಯಿತು.

8. ಸುಳ್ಳು ಚೀಟಿ

ಚೀಟಿ ಓದುಗರ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಅಲ್ಲಿ ಸುಳ್ಳು ಬರೆಯುವ ಆಸೆ ಹುಟ್ಟುತ್ತದೆ. ಯಾರೂ ಕೊಡದ 4.9 ನಕ್ಷತ್ರ, ಇಲ್ಲದ ರಿಯಾಯಿತಿ, ಕಲಿಸದ ಕೋರ್ಸು. ಗೂಗಲ್ ಇದಕ್ಕೆ ಕ್ರಮ ಕೈಗೊಳ್ಳುತ್ತದೆ. ಅಂಥ ಪುಟದ ವಿಶೇಷ ಫಲಿತಾಂಶಗಳನ್ನು ತೆಗೆದುಹಾಕುತ್ತದೆ. ಅಂಗಡಿಯವರು ತಮ್ಮ ಸೈಟಿನಲ್ಲಿ ತಮ್ಮದೇ ಅಂಗಡಿಗೆ ಹಾಕಿಕೊಂಡ ವಿಮರ್ಶೆಯ ನಕ್ಷತ್ರಗಳನ್ನು 2019ರ ಸೆಪ್ಟೆಂಬರ್‌ನಿಂದ ತೋರಿಸುವುದನ್ನೇ ನಿಲ್ಲಿಸಿತು.

ಶಿಕ್ಷೆಯ ಮಾತು ಹಾಗಿರಲಿ. ನಾವು ಕೋಡ್‌ನಲ್ಲಿ ಬರೆದ ಒಂದು ದಿನಾಂಕ, ಒಂದು ಶುಲ್ಕ, ಒಂದು ಸಮಯ ಯಾವುದೋ ಉತ್ತರದೊಳಗೆ ಸೇರಿ, ನಮ್ಮನ್ನು ಎಂದೂ ನೋಡದವರ ಕೈಗೆ ಹೋಗುತ್ತದೆ. ಅವರು ಅದನ್ನು ನಂಬಿ ಬಸ್ಸು ಹತ್ತುತ್ತಾರೆ. ತಕ್ಕಡಿಯ ತಟ್ಟೆಯ ಅಡಿಯಲ್ಲಿ ಅಂಟಿಸಿದ ಕಲ್ಲು ಗಿರಾಕಿಗೆ ಕಾಣುವುದಿಲ್ಲ. ಆದರೂ ಅದು ಮೋಸವೇ. ಹಾಗೆಯೇ ಕಳೆದ ವರ್ಷದ ಕೊನೆಯ ದಿನಾಂಕವನ್ನು ತೆಗೆಯದೆ ಬಿಡುವುದೂ ಸಣ್ಣ ತಪ್ಪಲ್ಲ. ಪುಟ ತಿದ್ದಿದ ದಿನವೇ ಚೀಟಿಯನ್ನೂ ತಿದ್ದಬೇಕು.

ನೆನಪಿಡಬೇಕಾದ ಅಂಶಗಳು

• ಸ್ಟ್ರಕ್ಚರ್ಡ್ ಡೇಟಾ ಪುಟದ ಮಾಹಿತಿಗೆ ಅಂಟಿಸುವ ಚೀಟಿ. ಹೊಸ ಮಾಹಿತಿ ಹುಟ್ಟಿಸುವ ಯಂತ್ರವಲ್ಲ.
• ಶಬ್ದಪಟ್ಟಿ ಸ್ಕೀಮಾ ಡಾಟ್ ಆರ್ಗ್. ಬರೆಯುವ ವಿಧಾನ ಜೇಸನ್-ಎಲ್‌ಡಿ.
• ಯೂನಿಕೋಡ್ ಪಠ್ಯ, ತೆರೆದ ಬಾಗಿಲು, ಆಮೇಲೆ ಚೀಟಿ.
• ಚೀಟಿಯಲ್ಲಿ ಇರುವುದು ಪುಟದಲ್ಲೂ ಕಾಣಬೇಕು, ಎರಡೂ ನಿಜವಾಗಿರಬೇಕು.

ಚಟುವಟಿಕೆ

1. ನಿಮ್ಮ ಮನೆಯ ಹತ್ತಿರದ ಒಂದು ಅಂಗಡಿಗೆ ಹೋಗಿ ಮಾಲೀಕರ ಒಪ್ಪಿಗೆ ಪಡೆದು ಹೆಸರು, ವಿಳಾಸ, ಸಮಯ, ವಾರದ ರಜೆ ಬರೆದುಕೊಳ್ಳಿ. 4ನೇ ಭಾಗದ ಪಟ್ಟಿಯಂತೆ ಅದನ್ನು ಚೌಕಗಳಲ್ಲಿ ತುಂಬಿಸಿ.
2. ಅದೇ ಅಂಗಡಿಯ ಬಗ್ಗೆ ಒಂದು ಎಐ ಸಾಧನವನ್ನು ಕೇಳಿ. ಉತ್ತರದಲ್ಲಿ ಸರಿಯಾದದ್ದು, ತಪ್ಪಾದದ್ದು, ಬಿಟ್ಟುಹೋದದ್ದು ಎಂದು ಮೂರು ಪಟ್ಟಿ ಮಾಡಿ.
3. "ಉಪ್ಪಿನಂಗಡಿ"ಯಂತೆ ಬರೀ ಅಕ್ಷರ ನೋಡಿದರೆ ಬೇರೆ ಅರ್ಥ ಕೊಡುವ ನಿಮ್ಮ ಸುತ್ತಲಿನ ಐದು ಊರುಗಳ ಹೆಸರು ಬರೆಯಿರಿ. ಪ್ರತಿಯೊಂದೂ ಊರೇ ಎಂದು ತಿಳಿಸಲು ಅಡ್ರೆಸ್‌ನ ಯಾವ ಚೌಕ ಬಳಸುತ್ತೀರಿ?
4. ಯಾವುದಾದರೂ ಕಾಲೇಜಿನ ಪ್ರವೇಶ ನೋಟಿಸ್ ತೆಗೆದುಕೊಂಡು ಅದರ ಎಲ್ಲ ದಿನಾಂಕಗಳನ್ನು ಐಎಸ್‌ಒ 8601 ಕ್ರಮದಲ್ಲಿ ಬರೆಯಿರಿ.

ಮೊದಲ ಎರಡು ಚಟುವಟಿಕೆ ಮುಗಿಸಿದವರು ತಮ್ಮ ಪಟ್ಟಿಯನ್ನು ಕಂಪ್ಯೂಟರ್ ಲ್ಯಾಬಿಗೆ ತನ್ನಿ. ಅಲ್ಲಿ ಅದನ್ನು ನಿಜವಾದ ಕೋಡ್ ಆಗಿ ಟೈಪ್ ಮಾಡಿ, ವ್ಯಾಲಿಡೇಟರ್‌ನಲ್ಲಿ ತಪ್ಪಿಲ್ಲದೆ ದಾಟಿಸಿ, ಆ ಅಂಗಡಿಯವರಿಗೇ ಕೊಡೋಣ.